ಮೆಲ್ಬರ್ನ್ ಊರೊಳಗೇ ಆಸ್ಟ್ರೇಲಿಯಾದ ಕಾಡುಪ್ರಾಣಿ, ಹಕ್ಕಿಗಳನ್ನು ನೋಡೋಕೆ ಆಗುತ್ತಾ?

ಜುಲೈನಲ್ಲಿ ಓದೋಕೆ ಬಂದೆ, ಕಾರಿಲ್ಲ, ಜೂಗೆ ದುಡ್ಡು ಕೊಡೋ ಮನಸ್ಸಿಲ್ಲ ಅಂತ ಬರೆದಿದ್ದೀರಿ. ಕಾರು ಬೇಡವೇ ಬೇಡ. 96ನೇ ನಂಬರಿನ ಟ್ರಾಮ್ ಹತ್ತಿ ಈಸ್ಟ್ ಬ್ರನ್ಸ್‌ವಿಕ್‌ನ ಕೊನೇ ಸ್ಟಾಪಿನಲ್ಲಿ ಇಳಿದು ಪೂರ್ವಕ್ಕೆ ಸ್ವಲ್ಪ ನಡೆಯಿರಿ. ಮೆರಿ ಕ್ರೀಕ್ ಅನ್ನುವ ಹಳ್ಳ ಸಿಗುತ್ತದೆ. ಹೆಸರು ಅಲ್ಲಿನ ಮೂಲನಿವಾಸಿ ವುರುಂಜೆರಿ ಜನರದ್ದು. ಅವರ ಮಾತಿನಲ್ಲಿ 'ಮೆರಿ ಮೆರಿ' ಅಂದರೆ ಬಂಡೆಗಳು ಜಾಸ್ತಿ ಇರುವ ಜಾಗ.

ಮೊದಲ ಸಲ ಹೋದಾಗ ನನಗೆ ನಿರಾಸೆಯಾಗಿತ್ತು, ನಿಮಗೂ ಆಗಬಹುದು. ಕಂದು ನೀರು. ಮಳೆ ಬಂದು ಹೋದ ಮೇಲೆ ನನ್ನ ತಲೆಗಿಂತ ಎತ್ತರದ ಕೊಂಬೆಗಳಲ್ಲಿ ಪ್ಲಾಸ್ಟಿಕ್ ಚೀಲಗಳು ಬಾವಲಿಗಳ ಹಾಗೆ ನೇತಾಡುತ್ತಿದ್ದವು. ಬೀದಿ ಚರಂಡಿಗಳ ಮಳೆನೀರೆಲ್ಲ ಈ ಹಳ್ಳಕ್ಕೇ ಬಂದು ಬೀಳುತ್ತದೆ. ದಂಡೆಯಲ್ಲಿ ಹಿಂದೆ ಕಲ್ಲುಗಣಿಗಳಿದ್ದವು, ಆಮೇಲೆ ಅವೇ ಕಸದ ಗುಂಡಿಗಳಾದವು. ಈಗ ಹಸಿರಾಗಿರುವ ಸೀರೀಸ್ ಪರಿಸರ ಉದ್ಯಾನವೂ 1982ರಲ್ಲಿ ಶುರುವಾದದ್ದು ಅಂಥದ್ದೇ ಜಾಗದಲ್ಲಿ. ಇವತ್ತು ಕಾಣುವ ಮರ, ಪೊದೆ, ಹುಲ್ಲಿನಲ್ಲಿ ಎಷ್ಟೋ ಸುತ್ತಮುತ್ತಲ ಜನ ಭಾನುವಾರಗಳಲ್ಲಿ ಕೈಯಾರೆ ನೆಟ್ಟದ್ದು.

ಮೊದಲು ನೋಡಬೇಕಾದದ್ದು ನೀರಿಲಿ. ಇಲ್ಲಿನವರು ರಕಾಲಿ ಅನ್ನುತ್ತಾರೆ. ಒಂದು ಸಂಜೆ ಕಾಲುಸೇತುವೆ ಮೇಲೆ ನಿಂತಿದ್ದೆ. ಕೆಳಗೆ ನೀರನ್ನು ಸೀಳಿಕೊಂಡು ಏನೋ ಹೋಯಿತು. "ಛೀ, ಹೆಗ್ಗಣ!" ಅಂದುಕೊಂಡೆ. ಅದು ಬಂಡೆ ಹತ್ತಿ ಮೈ ಕೊಡವಿತು. ಹೊಟ್ಟೆ ಚಿನ್ನದ ಬಣ್ಣ, ಮುಖದಲ್ಲಿ ದಪ್ಪ ಮೀಸೆ, ಬಾಲದ ತುದಿ ಮಾತ್ರ ಸುಣ್ಣದಲ್ಲಿ ಅದ್ದಿದ ಹಾಗೆ ಬೆಳ್ಳಗೆ. ಮುಂಗಾಲುಗಳಲ್ಲಿ ಕಪ್ಪೆಚಿಪ್ಪು ಹಿಡಿದು ಕಟಕಟ ಕಡಿಯಿತು, ಚಿಪ್ಪು ಎಸೆದು ಮತ್ತೆ ಮುಳುಗಿತು. ಅದು ಊಟಕ್ಕೆ ಕೂರುವ ಬಂಡೆಗಳು ಮೀಸಲು. ಒಡೆದ ಚಿಪ್ಪುಗಳ ಗುಡ್ಡೆ ಕಂಡರೆ ಅಲ್ಲೇ ದೂರ ಕೂತು ಕಾಯಿರಿ. ಆ ಬಾಲದ ಬಿಳಿ ತುದಿಯೇ ಗುರುತು. ಊರಿನ ಸಾಮಾನ್ಯ ಹೆಗ್ಗಣಕ್ಕೆ ಅದಿರುವುದಿಲ್ಲ.

ಹಗಲಲ್ಲಾದರೆ ಟಾನಿ ಫ್ರಾಗ್‌ಮೌತ್ ಹುಡುಕಿ. ನಮ್ಮ ದಾಂಡೇಲಿ ಕಡೆ ಕಾಣುವ ಕಪ್ಪೆಬಾಯಿ ಹಕ್ಕಿಯ ದೊಡ್ಡ ನೆಂಟ. ಗೂಬೆ ಥರ ಕಂಡರೂ ಗೂಬೆ ಅಲ್ಲ. ಮುರಿದ ಕೊಂಬೆಯ ಹಾಗೆ ಕೊಕ್ಕು ಮೇಲೆತ್ತಿ ಅಲ್ಲಾಡದೆ ಕೂತಿರುತ್ತದೆ, ಎದುರಿಗಿದ್ದರೂ ಕಾಣುವುದಿಲ್ಲ. ಮರ ನೋಡುತ್ತಾ ಹೋದರೆ ಕುತ್ತಿಗೆ ನೋವಷ್ಟೇ ಲಾಭ. ನೆಲ ನೋಡಿ. ಬೆಳ್ಳನೆಯ ಹಿಕ್ಕೆ ಒಂದೇ ಕಡೆ ಬಿದ್ದಿದ್ದರೆ ಆಮೇಲೆ ತಲೆ ಎತ್ತಿ. ಒಂದೇ ಕೊಂಬೆಯಲ್ಲಿ ದಿನಗಟ್ಟಲೆ ಕೂರುವ ಅಭ್ಯಾಸ ಅದಕ್ಕೆ.

ಕತ್ತಲಾಗುವಾಗ ಜೌಗಿನ ಕಡೆಯಿಂದ ಏಕತಾರಿಯ ತಂತಿ ಮೀಟಿದ ಹಾಗೆ 'ಟೊಂಕ್' ಅಂತ ಕೇಳಿದರೆ ಅದು ಪಾಬಲ್‌ಬಾಂಕ್ ಕಪ್ಪೆ. ಕಣ್ಣಿಗೆ ಬೀಳುವುದು ಕಡಿಮೆ. ಫ್ರಾಗ್‌ಐಡಿ ಆ್ಯಪ್‌ನಲ್ಲಿ ದನಿ ರೆಕಾರ್ಡ್ ಮಾಡಿ ಕಳಿಸಿ, ಯಾವ ಕಪ್ಪೆ ಅಂತ ತಿಳಿದವರು ಹೇಳುತ್ತಾರೆ.

ಈಗ ಸೆಪ್ಟೆಂಬರ್ ಅಲ್ವಾ, ಎರಡು ಎಚ್ಚರಿಕೆ. ಮ್ಯಾಗ್‌ಪೈ ಅನ್ನುವ ಕಪ್ಪು-ಬಿಳಿ ಹಕ್ಕಿಗಳು ಗೂಡು ಕಾಯುವ ಕಾಲ, ಹಿಂದಿನಿಂದ ಬಂದು ತಲೆಗೆ ಕುಕ್ಕುತ್ತವೆ. ಟೋಪಿ ಇರಲಿ. ಬಿಸಿಲೇರಿದ ಮೇಲೆ ಟೈಗರ್ ಹಾವುಗಳೂ ಹೊರಬರುತ್ತವೆ. ವಿಷ ಭಯಂಕರ, ಆದರೆ ಕೆಣಕದಿದ್ದರೆ ಅದರ ಪಾಡಿಗೆ ಅದು. ಉದ್ದ ಹುಲ್ಲಿಗೆ ಕಾಲಿಡಬೇಡಿ.

ನೋಡುವುದರ ಜೊತೆಗೆ ಒಂದು ದಿನ ಗಿಡ ನೆಡುವವರ ಜೊತೆ ಸೇರಿಕೊಳ್ಳಿ. ಎಲ್ಲಿ ಏನಿದೆ ಅಂತ ಅವರಿಗೇ ಗೊತ್ತು. ನಾನು ಮೊದಲ ದಿನ ಹುರುಪಿನಲ್ಲಿ ಕಳೆ ಅಂದುಕೊಂಡು ಸಾಲಾಗಿ ಆರು ಲೊಮಾಂಡ್ರಾ ಅನ್ನುವ ಹುಲ್ಲಿನಂಥ ಗಿಡ ಕಿತ್ತುಹಾಕಿದೆ. ಹಿಂದಿನ ವರ್ಷ ನೆಟ್ಟ ಗಿಡಗಳಂತೆ! ಪಕ್ಕದ ಅಜ್ಜಿ ಏನೂ ಅನ್ನದೆ ಆರನ್ನೂ ಮತ್ತೆ ಮಣ್ಣಿಗೆ ಊರಿದರು. ಅದೇ ಅಜ್ಜಿ ಗೊರವಂಕ ತೋರಿಸಿ "ನಿಮ್ಮೂರಿನವು" ಎಂದು ನಕ್ಕರು. ನಿಜವೇ. ಹುಳ ತಿನ್ನಲಿ ಅಂತ 1860ರ ದಶಕದಲ್ಲಿ ಮೆಲ್ಬರ್ನ್‌ಗೆ ತಂದು ಬಿಟ್ಟದ್ದು. ಈಗ ಇಲ್ಲಿನ ಹಕ್ಕಿಗಳ ಮರದ ಪೊಟರೆಗಳನ್ನು ಆಕ್ರಮಿಸಿಕೊಳ್ಳುತ್ತವೆ. ನೀಲಗಿರಿ ಜಾತಿಯ ಮರದಲ್ಲಿ ಒಳ್ಳೆ ಪೊಟರೆಯಾಗಲು ನೂರು ವರ್ಷವಾದರೂ ಬೇಕು. ನೆಟ್ಟ ಮರಗಳೆಲ್ಲ ಇನ್ನೂ ಎಳೆಯವು. ಅದಕ್ಕೇ ಗೂಡಿಗೆ ಅಂತ ಅಲ್ಲಲ್ಲಿ ಮರದ ಪೆಟ್ಟಿಗೆ ಕಟ್ಟಿದ್ದಾರೆ.

ಎಲ್ಲರೂ ಕಾಯುವುದು ಸೇಕ್ರೆಡ್ ಕಿಂಗ್‌ಫಿಷರ್‌ಗೆ. ಹಸಿರು-ನೀಲಿ ಬೆನ್ನಿನ ಮಿಂಚುಳ್ಳಿ. ಹೆಸರಿಗೆ ಮೀನುಗಾರ, ಹಿಡಿಯುವುದು ಜಾಸ್ತಿ ಹುಳ, ಹಲ್ಲಿ. ಈ ಹಳ್ಳದಿಂದ ಕಾಣೆಯಾಗಿದ್ದು, ಗಿಡಮರ ಎದ್ದ ಮೇಲೆ ಮರಳಿತು. ಅದಕ್ಕಾಗಿ ಸೀರೀಸ್‌ನಲ್ಲಿ ಹಬ್ಬವನ್ನೇ ಮಾಡಿದರು. ನಾನು ನೋಡಿದ್ದು ಎರಡೇ ಸಲ, ಅದೂ ಬೆನ್ನು ಮಾತ್ರ. ಚಳಿಗಾಲ ಉತ್ತರದಲ್ಲಿ ಕಳೆದು ಅಕ್ಟೋಬರ್ ಹೊತ್ತಿಗೆ ಬರುತ್ತದೆ. ಒಣ ಕೊಂಬೆಯಿಂದ 'ಕೆಕ್ ಕೆಕ್ ಕೆಕ್' ಅಂತ ಒಂದೇ ಸಮನೆ ಕೂಗುತ್ತದೆ. ಅಲ್ಲಿಯವರೆಗೆ ಸುಮ್ನೆ ಸೇತುವೆ ಮೇಲೆ ನಿಂತು ಹೆಗ್ಗಣ ನೋಡುತ್ತಿರಿ.