ಹಳೇ ಫೋರ್ ವೀಲ್ ಪಿಕಪ್: ದರ ಮಾತಾಡುವ ಮೊದಲು ಗಾಡಿಯಡಿ ಮಲಗಿ ನೋಡಿ

ಪ್ರಶ್ನೆ: ಪಕ್ಕದ ತೋಟದವರು 2008ನೇ ಮಾಡೆಲ್‌ನ ಬೊಲೆರೊ ಕ್ಯಾಂಪರ್ ಫೋರ್ ವೀಲ್ (ನಾಲ್ಕೂ ಚಕ್ರ ಎಳೆಯುವ) ಪಿಕಪ್ ಮಾರುತ್ತಿದ್ದಾರೆ, 2.25 ಲಕ್ಷ ಹೇಳುತ್ತಾರೆ. ನಾಲ್ಕು ವರ್ಷದಿಂದ ಶೆಡ್ಡಿನಲ್ಲಿದೆ, ಬ್ಯಾಟರಿ ಕೊಟ್ಟರೆ ಸ್ಟಾರ್ಟ್ ಆಗುತ್ತದೆ. ಇದೇ ಗಾಡಿ ಒಳ್ಳೇ ಕಂಡಿಷನ್ನಿನಲ್ಲಿ ನಮ್ಮ ಕಡೆ 4 ಲಕ್ಷದ ಆಸುಪಾಸು ಹೋಗುತ್ತದೆ. ನಮ್ಮ ಮೆಕ್ಯಾನಿಕ್ ಕೊಟ್ಟ ಅಂದಾಜು: ಎಂಜಿನ್ ಬಿಚ್ಚಿ ಕಟ್ಟಲು 70,000, ಐದು ಟೈರು 35,000, ಬ್ರೇಕ್, ಕ್ಲಚ್, ಪಟ್ಟೆ (ಲೀಫ್ ಸ್ಪ್ರಿಂಗ್) 30,000, ಫೋರ್ ವೀಲ್ ಕೆಲಸ 30,000, ಟಿಂಕರಿಂಗ್, ಪೇಂಟ್ 45,000. ಬಿಡುವಿದ್ದಾಗ ರೆಡಿ ಮಾಡಿಕೊಳ್ಳುವ ಆಸೆ. ಎಷ್ಟಕ್ಕೆ ಕೇಳಬಹುದು?
– ಓದುಗರು, ಮೂಡಿಗೆರೆ

ಉತ್ತರ: ಅವರು ಹೇಳಿದ ದರದಿಂದ ಚೌಕಾಸಿ ಶುರು ಮಾಡಬೇಡಿ. ರೆಡಿಯಾದ ಗಾಡಿಯ ದರದಿಂದ ಹಿಂದಕ್ಕೆ ಲೆಕ್ಕ ಹಾಕಿ. ನಿಮ್ಮ ಅಂದಾಜಿನ ಒಟ್ಟು ಮೊತ್ತ 2,10,000. ಹಳೇ ಗಾಡಿ ಬಿಚ್ಚಿದ ಮೇಲೆ ಹೊಸ ಕೆಲಸ ಕಾಣದೇ ಇರುವುದಿಲ್ಲ, ಅದಕ್ಕೆ ಕಾಲು ಭಾಗ, ಅಂದರೆ 52,500 ಸೇರಿಸಿ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ತೆರಿಗೆ ಬಾಕಿ, ಇನ್ಶೂರೆನ್ಸ್‌ಗೆ ಸದ್ಯಕ್ಕೆ 25,000 ಹಿಡಿಯೋಣ. ಒಟ್ಟು 2,87,500. ನಾಲ್ಕು ಲಕ್ಷದಲ್ಲಿ ಇದನ್ನು ಕಳೆದರೆ 1,12,500 ಉಳಿಯುತ್ತದೆ. ನೀವು ಕೊಡಬಹುದಾದ ದರ ಅದು. ಎಂಜಿನ್ ಬಿಚ್ಚುವ ಅಗತ್ಯವೇ ಇಲ್ಲ ಎಂದು ಖಾತ್ರಿಯಾದರೆ ಆ 70,000 ಮತ್ತು ಅದರ ಕಾಲು ಭಾಗ ಉಳಿಯುತ್ತದೆ, ಆಗ 2 ಲಕ್ಷದವರೆಗೂ ಹೋಗಬಹುದು. ಹಾಗಾಗಿ ಮುಂಗಡ ಕೊಡುವ ಮೊದಲು ಒಂದು ಬೆಳಿಗ್ಗೆ ಪೂರ್ತಿ ತಪಾಸಣೆಗೆ ಇಡಿ.

ಮೊದಲು ಚಾಸಿ, ಅಂದರೆ ಗಾಡಿಯಡಿಯ ಕಬ್ಬಿಣದ ಚೌಕಟ್ಟು. ಎಂಜಿನ್ನು, ಗೇರ್ ಬಾಕ್ಸು ಎಲ್ಲಾದರೂ ಸಿಗುತ್ತವೆ, ಕೊಳೆತ ಚಾಸಿಗೆ ಮದ್ದಿಲ್ಲ. ತೋಟದ ಪಿಕಪ್ಪಿನಲ್ಲಿ ಪೊಟ್ಯಾಷ್ ಗೊಬ್ಬರ ಹೊತ್ತಿರುತ್ತಾರೆ. ಅದರ ಕ್ಲೋರೈಡ್ ಉಪ್ಪು ಮಳೆನೀರಿನ ಜೊತೆ ಬಾಡಿ ಸಂದಿಯಲ್ಲಿ ಇಳಿದು ಕಬ್ಬಿಣ ತಿನ್ನುತ್ತದೆ. ಕರಾವಳಿಯಲ್ಲಿ ಮೀನು ಹೊತ್ತ ಗಾಡಿಯಾದರೆ ಇನ್ನೂ ಬೇಗ. ಹಿಂದಿನ ಪಟ್ಟೆ ಕೂರುವ ಹ್ಯಾಂಗರ್, ಅಡ್ಡಪಟ್ಟಿ ಚಾಸಿಗೆ ಸೇರುವ ಮೂಲೆ, ಲೋಡ್ ಬಾಡಿ ಚಾಸಿ ಮೇಲೆ ಕೂತ ಜಾಗ, ಈ ಮೂರು ಕಡೆ ಕೆಸರು ಕೆರೆದು ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತಿಂದಿದ್ದರೆ ಮಂಕು ಸದ್ದು ಬಂದು ಪದರ ಉದುರುತ್ತದೆ. ಕಪ್ಪು ಪೇಂಟು ಹೊಸದಾಗಿ ಬಳಿದಿದ್ದರೆ ಅದರ ಅಡಿಯಲ್ಲಿ ವೆಲ್ಡಿಂಗ್ ಪ್ಯಾಚ್ ಇದೆಯೇ ಎಂದು ಬೆರಳಾಡಿಸಿ ನೋಡಿ. ಹ್ಯಾಂಗರ್ ಬುಡದಲ್ಲೇ ತೂತು ಬಿದ್ದಿದ್ದರೆ ದರ ಕೇಳುವುದನ್ನೂ ಬಿಟ್ಟು ವಾಪಸ್ ಬನ್ನಿ. ಆ ಗಾಡಿ ಗುಜರಿ ದರಕ್ಕೆ ಬಿಡಿಭಾಗಕ್ಕಾಗಿ ಮಾತ್ರ.

ಆಮೇಲೆ ಫೋರ್ ವೀಲ್. ಲಿವರ್ ಬೀಳುತ್ತದೆ ಎಂದ ಮಾತ್ರಕ್ಕೆ ಮುಂದಿನ ಚಕ್ರ ಎಳೆಯುತ್ತದೆ ಎಂದು ನಂಬಬೇಡಿ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಂದಿನ ಒಂದೇ ಚಕ್ರ ಜಾಕ್ ಹಾಕಿ ಎತ್ತಿ, ಅಡಿಗೆ ಸ್ಟ್ಯಾಂಡ್ ಇಡಿ. ಹಬ್ ಲಾಕ್ (ಮುಂದಿನ ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ ಲಾಕ್) ಇದ್ದರೆ ಎರಡೂ ಕಡೆ ಲಾಕ್ ಮಾಡಿ. ಟೂ ವೀಲ್‌ನಲ್ಲಿ ಚಕ್ರ ತಿರುಗಿಸಿದರೆ ಮುಂದಿನ ಜಾಯಿಂಟ್ ಶಾಫ್ಟ್ (ಮುಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಉದ್ದ ದಂಡ) ಕೂಡ ತಿರುಗಬೇಕು. ಚಕ್ರ ತಿರುಗಿ ಶಾಫ್ಟ್ ಸುಮ್ಮನಿದ್ದರೆ ಹಬ್ಬೋ ಒಳಗಿನ ಆಕ್ಸಲ್ಲೋ ಕೈಕೊಟ್ಟಿದೆ. ಈಗ ಫೋರ್ ವೀಲ್‌ಗೆ ಹಾಕಿ. ಹಲ್ಲು ಕೂರಲು ಚಕ್ರವನ್ನು ಸ್ವಲ್ಪ ಅಲ್ಲಾಡಿಸಬೇಕಾಗಬಹುದು. ಸ್ವಲ್ಪ ಆಟದ ನಂತರ ಚಕ್ರ ನಿಲ್ಲಲೇಬೇಕು, ಏಕೆಂದರೆ ಈಗ ಅದು ನೆಲ ಕಚ್ಚಿದ ಹಿಂದಿನ ಚಕ್ರಗಳಿಗೆ ಕಟ್ಟಿಕೊಂಡಿದೆ. ನಿಲ್ಲದೆ ತಿರುಗುತ್ತಲೇ ಇದ್ದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಬಿಚ್ಚಬೇಕು, ನಿಮ್ಮ 30,000 ಸಾಲದೇ ಹೋಗಬಹುದು. ಲೋ ರೇಂಜ್ ಅನ್ನು (ಹೆಚ್ಚು ಎಳೆತ ಕೊಡುವ ನಿಧಾನ ಗೇರು) ಮಣ್ಣಿನ ಏರಿನಲ್ಲಿ ಲೋಡ್ ಕೊಟ್ಟು ನೋಡಿ. ಲಿವರ್ ತಾನಾಗಿ ಹೊರಗೆ ಹಾರಿದರೆ ಗೇರಿನ ಹಲ್ಲೋ ಫೋರ್ಕೋ ಸವೆದಿದೆ. ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆದುಕೊಂಡು ಪರೀಕ್ಷೆ ಮಾಡಲೇಬೇಡಿ. ಒಳ್ಳೇ ಗಾಡಿಯೂ ಬಿಗಿದುಕೊಳ್ಳುತ್ತದೆ, ಶಾಫ್ಟ್ ಜಾಯಿಂಟಿನ ಕ್ರಾಸ್ ಮುರಿಯುವ ಅಪಾಯವಿದೆ.

ಮುಂದಿನ ಮತ್ತು ಹಿಂದಿನ ಹೌಸಿಂಗ್ (ಆಕ್ಸಲ್ ಕೂರುವ ಕವಚ), ಟ್ರಾನ್ಸ್‌ಫರ್ ಕೇಸ್, ಗೇರ್ ಬಾಕ್ಸ್, ಈ ನಾಲ್ಕರಿಂದಲೂ ಒಂದೊಂದು ಚಮಚ ಆಯಿಲ್ ತೆಗೆಯಿರಿ. ಮಜ್ಜಿಗೆಯ ಹಾಗೆ ಬೆಳ್ಳಗಿದ್ದರೆ ಹಳ್ಳ ದಾಟುವಾಗ ಬ್ರೀದರ್ (ಗಾಳಿಕಿಂಡಿ) ಮೂಲಕ ನೀರು ಹೋಗಿದೆ, ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಆಯಿಲ್ಲಿಗೆ ಅಯಸ್ಕಾಂತ ಅದ್ದಿದಾಗ ನುಣುಪಾದ ಕಪ್ಪು ಪೇಸ್ಟ್ ಅಂಟಿದರೆ ಚಿಂತೆಯಿಲ್ಲ. ಚೂರು ಬಂದರೆ ಒಳಗಿನ ಗೇರೋ ಬೇರಿಂಗೋ ಹೋಗಿರಬಹುದು. ಹೌಸಿಂಗ್ ಆಯಿಲ್ಲಿನಲ್ಲಾದರೆ ಕ್ರೌನ್ ಪಿನಿಯನ್ (ಶಾಫ್ಟಿನ ಸುತ್ತನ್ನು ಆಕ್ಸಲ್ಲಿಗೆ ಕೊಡುವ ಗೇರ್ ಜೋಡಿ) ಮೇಲೆ ಅನುಮಾನ ಪಡಿ.

ಎಂಜಿನ್ನಿಗೆ ಬಂದರೆ, ನೀವು ಹೋಗುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಡದಂತೆ ಹೇಳಿ. ತಣ್ಣಗಿದ್ದಾಗ ಬರುವ ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ನಾಜಲ್, ಕಂಪ್ರೆಷನ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೆ ಆಯಿಲ್ ಕ್ಯಾಪ್ ತೆಗೆದಾಗ ಹೊಗೆ ಬುಸುಬುಸು ಎಂದು ನುಗ್ಗಿದರೆ ಬ್ಯಾಕ್ ಕಂಪ್ರೆಷನ್ (ಸವೆದ ಪಿಸ್ಟನ್ ರಿಂಗ್ ದಾಟಿ ಬರುವ ಒತ್ತಡ), ಆಗ ಆ 70,000 ಖರ್ಚಾದಂತೆಯೇ. ನಾಲ್ಕು ವರ್ಷ ನಿಂತ ಡೀಸೆಲ್ ಅನ್ನು ಟ್ಯಾಂಕಿನಿಂದ ಪೂರ್ತಿ ತೆಗೆದು, ಫಿಲ್ಟರ್ ಬದಲಿಸಿದ ಮೇಲೆಯೇ ಈ ಪರೀಕ್ಷೆಗಳನ್ನು ನಂಬಿ. ಕೊಳೆತ ಡೀಸೆಲ್ಲಿನಿಂದ ಬಂದ ತೊಂದರೆಗೆ ಎಂಜಿನ್ ಬಿಚ್ಚಿಸಿದವರು ಬಹಳ ಮಂದಿ.

ಪ್ರಶ್ನೆ: ಅಗ್ಗಕ್ಕೆ ಸಿಕ್ಕ ಟೂ ವೀಲ್ ಪಿಕಪ್ಪಿಗೆ ಹಳೇ ಜೀಪಿನ ಮುಂದಿನ ಹೌಸಿಂಗ್ ಕೂರಿಸಿ ಫೋರ್ ವೀಲ್ ಮಾಡಿಸಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಹೀಗೆ ಮಾಡಿದ ಗಾಡಿ ಮಾರಾಟಕ್ಕೂ ಬರುತ್ತದೆ, ಅದನ್ನು ಹಿಡಿಯುವುದು ಕಷ್ಟವಲ್ಲ. ಆರ್‌ಸಿಯಲ್ಲಿರುವ ಮಾಡೆಲ್ ಹೆಸರು ನೋಡಿ, ಆಮೇಲೆ ಹಿಂದೆ ಮುಂದೆ ಕ್ರೌನ್ ಪಿನಿಯನ್ ಅನುಪಾತ ಒಂದೇ ಇದೆಯೇ ಎಂದು ಅಳೆಯಿರಿ. ಟೂ ವೀಲ್‌ನಲ್ಲಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಅಳೆಯುವ ಆಕ್ಸಲ್ಲಿನ ಒಂದು ಚಕ್ರ ಮಾತ್ರ ಎತ್ತಿ. ಹಿಂದಿನದನ್ನು ಅಳೆಯುವಾಗ ಹ್ಯಾಂಡ್ ಬ್ರೇಕ್ ಬಿಟ್ಟು ಉಳಿದ ಮೂರೂ ಚಕ್ರಕ್ಕೆ ಭದ್ರವಾಗಿ ಕಲ್ಲು ಕೊಡಿ. ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದು ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತಿತೋ ಅದೇ ಅನುಪಾತ. ಹಿಂದೆ 4.88, ಮುಂದೆ 5.38 ಬಂದರೆ ಫೋರ್ ವೀಲ್ ಹಾಕಿದಾಗಲೆಲ್ಲ ಎರಡು ಆಕ್ಸಲ್ ಪರಸ್ಪರ ಎಳೆದಾಡಿ ಟ್ರಾನ್ಸ್‌ಫರ್ ಕೇಸನ್ನು ಮುಗಿಸುತ್ತವೆ.

ಪ್ರಶ್ನೆ: ಹಳದಿ ಬೋರ್ಡ್ ಪಿಕಪ್, ಎಫ್‌ಸಿ ಮುಗಿದು ಮೂರು ವರ್ಷ. ತೋಟದಿಂದ ಪೇಟೆಗೆ ಅಪರೂಪಕ್ಕೆ ಹೋಗುವುದಾದರೂ ಎಫ್‌ಸಿ ಬೇಕೇ?
– ಓದುಗರು, ಸಕಲೇಶಪುರ

ಉತ್ತರ: ಬೇಕು. ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಎಫ್‌ಸಿ ಇಲ್ಲದ ಸಾರಿಗೆ ವಾಹನ ರಿಜಿಸ್ಟ್ರೇಷನ್ ಇಲ್ಲದ ಗಾಡಿಗೆ ಸಮ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಮೊದಲು ಎತ್ತುವ ತಕರಾರು ಇದೇ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಒಟ್ಟು ತೂಕ 3,000 ಕೆಜಿ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ, ಆದರೆ ಈ ವಿನಾಯಿತಿ ಎಫ್‌ಸಿಗೆ ಇಲ್ಲ. ಕೊಳ್ಳುವ ಗಾಡಿಯಾದರೆ ಬಾಕಿ ತೆರಿಗೆ, ದಂಡ ಎಷ್ಟು ಎಂದು ಆರ್‌ಟಿಒದಲ್ಲಿ ವಿಚಾರಿಸಿ ಅಷ್ಟನ್ನೂ ದರದಲ್ಲಿ ಮುರಿದುಕೊಳ್ಳಿ. ಸಾಲ ತೀರಿದ್ದರೆ ಆರ್‌ಸಿಯಿಂದ ಸಾಲದ ನಮೂದು ತೆಗೆಸಲು ಬ್ಯಾಂಕಿನ ಸಹಿ ಇರುವ ಫಾರ್ಮ್ 35, ಹೆಸರು ವರ್ಗಾವಣೆಗೆ ಮಾಲೀಕರ ಸಹಿ ಇರುವ ಫಾರ್ಮ್ 29 ಮತ್ತು 30 ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ.