ಹತ್ತೊಂಬತ್ತು ಸೀಟುಗಳ ಒಳಗಿನ ಸಂಬಳ

‘ಬೆಂಗಳೂರಿನ ಏರ್‌ಲೈನ್ ಒಂದರಲ್ಲಿ ಮೂರು ವರ್ಷದಿಂದ ಕ್ಯಾಬಿನ್ ಕ್ರೂ ಆಗಿದ್ದೇನೆ, ಖಾಸಗಿ ಬಿಸಿನೆಸ್ ಜೆಟ್‌ಗೆ ಹೋಗಬೇಕೆಂದಿದ್ದೇನೆ, ಅಲ್ಲಿ ಸಂಬಳವನ್ನು ನಿರ್ಧರಿಸುವುದು ಯಾವುದು, ವಿಮಾನದ ಗಾತ್ರವೋ ಅನುಭವವೋ ರೂಪವೋ’ ಎಂದು ಕೇಳಿದ್ದೀರಿ. ಕೊನೆಗೆ ‘ದಯವಿಟ್ಟು ಒಂದು ಅಂಕಿ ಹೇಳಿ’ ಎಂದೂ ಬರೆದಿದ್ದೀರಿ. ನಾನು ಐದು ವರ್ಷ ಏರ್‌ಲೈನ್‌ನಲ್ಲಿ, ಮೂರು ವರ್ಷ ವಿಮಾನವನ್ನು ಬಾಡಿಗೆಗೆ ಕೊಡುವ ಮುಂಬೈನ ಚಾರ್ಟರ್ ಕಂಪನಿಯಲ್ಲಿ ಇದ್ದು, ಆಮೇಲೆ ದುಬೈಗೆ ಬಂದವಳು. ಅಂಕಿ ಹೇಳಿದರೆ ಅದು ನನ್ನ ಸಂಬಳವಾಗುತ್ತದೆಯೇ ಹೊರತು ನಿಮ್ಮದಾಗುವುದಿಲ್ಲ. ಹಾಗಾಗಿ ಅಂಕಿ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಹೇಳುತ್ತೇನೆ.

ಮೊದಲು 19 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಅಮೆರಿಕದಲ್ಲೂ ಯುರೋಪಿನಲ್ಲೂ ವಿಮಾನದಲ್ಲಿ ಪ್ರಯಾಣಿಕರ ಅಥವಾ ಅವರ ಸೀಟುಗಳ ಲೆಕ್ಕ 19 ದಾಟಿದರೆ ಮಾತ್ರ ಕ್ಯಾಬಿನ್ ಕ್ರೂ ಕಡ್ಡಾಯ. ಗಲ್ಫ್‌ಸ್ಟ್ರೀಮ್, ಬೊಂಬಾರ್ಡಿಯರ್ ಗ್ಲೋಬಲ್, ಫಾಲ್ಕನ್ ಇಂಥ ದೊಡ್ಡ ಜೆಟ್‌ಗಳಲ್ಲೂ ಸೀಟುಗಳು ಸಾಮಾನ್ಯವಾಗಿ ಆ ಗೆರೆಯ ಒಳಗೇ ಇರುತ್ತವೆ. ಏರ್‌ಲೈನ್‌ನಲ್ಲಿ ನೀವು ಇಲ್ಲದಿದ್ದರೆ ವಿಮಾನ ಹೊರಡುವುದಿಲ್ಲ. ಇಲ್ಲಿ ಹೊರಡುತ್ತದೆ; ಕಾಫಿಯನ್ನು ಪ್ರಯಾಣಿಕರೇ ಬಗ್ಗಿಸಿಕೊಳ್ಳುತ್ತಾರೆ. ಆ ಕಾನೂನಿಗೆ ನೀವು ಬೇಡ, ಮಾಲೀಕನಿಗೆ ಬೇಕು. ಈ ಕೆಲಸದ ಸಂಬಳದ ವಿಚಿತ್ರಗಳೆಲ್ಲ ಇಲ್ಲಿಂದಲೇ ಶುರುವಾಗುತ್ತವೆ. ಏರ್‌ಲೈನ್‌ನಲ್ಲಿರುವಂಥ ಸೇವಾ ಹಿರಿತನದ ಏಣಿ ಇಲ್ಲಿ ಅಪರೂಪ, ನೌಕರರ ಒಕ್ಕೂಟವಂತೂ ಇನ್ನೂ ಅಪರೂಪ. ಒಂದೇ ಮಾದರಿಯ ಎರಡು ವಿಮಾನಗಳು ಅಕ್ಕಪಕ್ಕ ನಿಂತಿರುತ್ತವೆ; ಒಂದರ ಹುಡುಗಿಗೆ ಇನ್ನೊಂದರವಳ ದುಪ್ಪಟ್ಟು ಬರುತ್ತಿರುತ್ತದೆ. ಇಬ್ಬರಿಗೂ ಅದು ಗೊತ್ತಿರುವುದಿಲ್ಲ, ಏಕೆಂದರೆ ಗೌಪ್ಯತೆಯ ಪತ್ರಕ್ಕೆ ಇಬ್ಬರೂ ಸಹಿ ಹಾಕಿರುತ್ತಾರೆ.

ಹಾಗಾದರೆ ಬೇಕು ಎನ್ನುವವನು ಯಾರು? ವಿಮಾನದ ಗಾತ್ರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಮಾಲೀಕನೇ ತನ್ನ ಓಡಾಟಕ್ಕೆಂದು ಇಟ್ಟುಕೊಂಡ ವಿಮಾನವಾದರೆ ನೀವು ಹೆಚ್ಚುಕಡಿಮೆ ಆ ಮನೆಯವರ ಪೈಕಿ. ಕೈ ಬಿಚ್ಚಿ ಕೊಡುತ್ತಾರೆ. ಮಗಳ ಹುಟ್ಟುಹಬ್ಬಕ್ಕೆ ರಜೆ ಕೇಳಿದರೆ ಮುಖ ಸಣ್ಣದು ಮಾಡುತ್ತಾರೆ. ಮಾಲೀಕನ ಪರವಾಗಿ ವಿಮಾನ ನೋಡಿಕೊಳ್ಳುವ ನಿರ್ವಹಣಾ ಕಂಪನಿಯ ಮೂಲಕ ಸೇರಿದರೆ ನಿಮ್ಮ ಸಂಬಳ ಆತನಿಗೆ ಹೋಗುವ ತಿಂಗಳ ಬಿಲ್ಲಿನ ಒಂದು ಸಾಲು. ಇಂಧನ, ಹ್ಯಾಂಗರ್ ಬಾಡಿಗೆ, ವಿಮೆಗಳಲ್ಲಿ ಕತ್ತರಿಸಲು ಹೆಚ್ಚೇನೂ ಇರುವುದಿಲ್ಲವಾದ್ದರಿಂದ ಬಿಲ್ಲು ಉದ್ದವಾಯಿತೆಂದು ಆತ ಗೊಣಗಿದ ತಿಂಗಳು ಕತ್ತರಿ ಆ ಸಾಲಿಗೇ ಬೀಳುತ್ತದೆ. ಚಾರ್ಟರ್ ಕಂಪನಿಯಾದರೆ ವಿಮಾನ ಹಾರಿದಷ್ಟೂ ಆದಾಯ, ನಿಂತಷ್ಟೂ ನಷ್ಟ. ಅಂಥವರು ಕಾಯಂ ನೌಕರರನ್ನು ಒಬ್ಬಿಬ್ಬರಿಗೆ ಸೀಮಿತಗೊಳಿಸಿ, ಚುನಾವಣೆ ಅಥವಾ ಮದುವೆಯ ಹಂಗಾಮಿನಲ್ಲಿ ಬೇಡಿಕೆ ಏರಿದಾಗ ದಿನದ ಲೆಕ್ಕದಲ್ಲಿ ಹೊರಗಿನವರನ್ನು ಕರೆಯುತ್ತಾರೆ. ವಿಮಾನದ ಪಾಲನ್ನು ಹಲವರಿಗೆ ಮಾರುವ ಕಂಪನಿಗಳು ನಾಲ್ಕನೆಯ ಬಗೆ. ಆ ಪದ್ಧತಿಯನ್ನು ಈಗ ನೆಟ್‌ಜೆಟ್ಸ್ ಎಂದು ಕರೆಯುವ ಕಂಪನಿ 1986ರಲ್ಲಿ ಶುರುಮಾಡಿತು. ವಿಮಾನಗಳು ನೂರಾರು ಇರುವ ಕಡೆ ಸಂಬಳಕ್ಕೂ ಪಾಳಿಗೂ ಒಂದು ಕ್ರಮ ತಾನಾಗಿ ಬರುತ್ತದೆ. ಏರ್‌ಲೈನ್‌ನ ಶಿಸ್ತು ಇಷ್ಟಪಡುವವರಿಗೆ ಅದೇ ಒಗ್ಗುತ್ತದೆ.

ಇನ್ನು ಲೆಕ್ಕದ ಬಗೆ. ನಿಮಗೆ ಈಗ ನಿಗದಿತ ಸಂಬಳದ ಮೇಲೆ ಹಾರಾಟದ ಗಂಟೆಗಳಿಗೆ ಹಣ ಸಿಗುತ್ತಿರಬಹುದು. ಅಮೆರಿಕದ ಏರ್‌ಲೈನ್‌ಗಳಲ್ಲಂತೂ ಬಹುಕಾಲ ಬಾಗಿಲು ಮುಚ್ಚಿ ವಿಮಾನ ಕದಲಿದ ಮೇಲೆಯೇ ಗಡಿಯಾರ ಓಡುತ್ತಿತ್ತು. ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಹೊತ್ತಿಗೂ, ಅದೂ ಅರ್ಧ ದರದಲ್ಲಿ, ಹಣ ಕೊಡಲು ಡೆಲ್ಟಾ ಶುರುಮಾಡಿದ್ದೇ 2022ರಲ್ಲಿ. ಬಿಸಿನೆಸ್ ಜೆಟ್‌ನಲ್ಲಿ ಗಂಟೆಯ ಲೆಕ್ಕಕ್ಕೆ ಅರ್ಥವೇ ಇಲ್ಲ. ಎರಡು ಗಂಟೆ ಹಾರುವುದಕ್ಕೆ ನಾಲ್ಕು ದಿನ ಹೋಟೆಲಿನಲ್ಲಿ ಕಾಯುತ್ತೀರಿ. ಇಲ್ಲಿ ಮಾರಾಟವಾಗುವುದು ನಿಮ್ಮ ದಿನಗಳು.

ಆದ್ದರಿಂದ ಸಂಬಳವನ್ನು ತಿಂಗಳಿನಿಂದ ಅಳೆಯಬೇಡಿ, ಫೋನ್ ಬಂದರೆ ಎದ್ದು ಹೊರಡಬೇಕಾದ ದಿನಗಳಿಂದ ಭಾಗಿಸಿ. ಒಂದು ಕಡೆ 90 ಸಾವಿರ ಕೊಟ್ಟು 25 ದಿನ ಸ್ಟ್ಯಾಂಡ್‌ಬೈ ಇಡುತ್ತಾರೆ ಎಂದುಕೊಳ್ಳಿ; ದಿನಕ್ಕೆ 3,600 ಆಯಿತು. ಇನ್ನೊಂದು ಕಡೆ 75 ಸಾವಿರಕ್ಕೆ 15 ದಿನ ಕೆಲಸ, ಉಳಿದ ದಿನ ಫೋನ್ ಆಫ್ ಮಾಡಿದರೂ ಯಾರೂ ಕೇಳುವುದಿಲ್ಲ, ದಿನಕ್ಕೆ 5,000. ಈ ಭಾಗಾಕಾರ ಮಾಡದೆ ನಾನು ಮುಂಬೈನಲ್ಲಿ ಮೊದಲ ಬಗೆಯದನ್ನೇ ಹಿಗ್ಗಿನಿಂದ ಒಪ್ಪಿಕೊಂಡಿದ್ದೆ. ಆ ಮೂರು ವರ್ಷದಲ್ಲಿ ಪುತ್ತೂರಿನ ಜಾತ್ರೆಗೆ ಒಮ್ಮೆಯೂ ಹೋಗಲಾಗಲಿಲ್ಲ. ಟಿಕೆಟ್ ಮಾಡಿಸಿ ರದ್ದು ಮಾಡಿಸಿದ್ದು ಮಾತ್ರ ನಾಲ್ಕು ಸಲ.

ಗಾತ್ರದ ಮಾತಿಗೆ ಬರುತ್ತೇನೆ. ದೊಡ್ಡ ವಿಮಾನಕ್ಕೆ ಹೆಚ್ಚು ಸಂಬಳ ಎನ್ನುವುದು ಸುಳ್ಳಲ್ಲ, ಆದರೆ ಕಾರಣ ಗಾತ್ರವಲ್ಲ, ದೂರ. ಫಿನಾಮ್ 300, ಸೈಟೇಶನ್‌ನಂಥ ಚಿಕ್ಕ ಜೆಟ್‌ಗಳಲ್ಲಿ ನೆಟ್ಟಗೆ ನಿಲ್ಲುವುದೇ ಕಷ್ಟ, ಅಡುಗೆ ಬಿಸಿಮಾಡುವ ಗ್ಯಾಲಿ ಎಂಬುದು ಹೆಸರಿಗೆ ಮಾತ್ರ. ಅಲ್ಲಿ ನಮಗೆ ಕೆಲಸವೇ ಇಲ್ಲ. ಗ್ಲೋಬಲ್ 7500ರಂಥದ್ದು ಒಮ್ಮೆ ಎದ್ದರೆ 14 ಸಾವಿರ ಕಿಲೋಮೀಟರ್ ಹಾರಬಲ್ಲದು. ಅಷ್ಟು ದೂರದಲ್ಲಿ ಮೂರು ಊಟ, ಎರಡು ನಿದ್ದೆ, ಹಾಸಿಗೆ ಹಾಸುವುದು, ಬಟ್ಟೆ ಇಸ್ತ್ರಿ ಎಲ್ಲವೂ ಬರುತ್ತವೆ. ಪೈಲಟ್‌ಗಳು ಸರದಿಯಲ್ಲಿ ಮಲಗುತ್ತಾರೆ, ಹೆಚ್ಚಿನ ಸಲ ನಮ್ಮಲ್ಲಿ ಇರುವುದು ಒಬ್ಬಳೇ. ಬಾಣಸಿಗಳೂ ಅವಳೇ, ಬಡಿಸುವವಳೂ ಅವಳೇ, ಪಾತ್ರೆ ತೊಳೆಯುವವಳೂ ಅವಳೇ. ಅತಿಥಿಗಳು ಇಳಿದು ಹೋದ ಮೇಲೆ ಖಾಲಿ ವಿಮಾನದಲ್ಲಿ ಮರಳುವಾಗ ಗಾಜಿನ ಲೋಟಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತಿ ಇಡುತ್ತಾ ಕೂರುವ ಆ ಮೂರು ಗಂಟೆ ನನಗೆ ಇಷ್ಟ. ಅದಕ್ಕೆ ಅರ್ಧ ದರ ಕೊಡುವವರು ಇಷ್ಟವಿಲ್ಲ.

ಅನುಭವ ಎಂದು ಕೇಳಿದಿರಲ್ಲ, ಇಲ್ಲಿ ಅದು ವರ್ಷಗಳ ಲೆಕ್ಕದಲ್ಲಿ ಇಲ್ಲ. ಒಂದು ಪ್ರಸಂಗ ಹೇಳುತ್ತೇನೆ. ಒಂದು ಡಿಸೆಂಬರ್‌ನಲ್ಲಿ ಲಂಡನ್‌ನಿಂದ ದುಬೈಗೆ ಗುಜರಾತಿ ಕುಟುಂಬವೊಂದು ಚಾರ್ಟರ್ ಮಾಡಿಕೊಂಡಿತ್ತು. ಹೊರಡುವುದು ಮಧ್ಯಾಹ್ನ ಒಂದಕ್ಕೆ. ಏಜೆಂಟ್ ಕಳಿಸಿದ ಹಾಳೆಯಲ್ಲಿ ‘ಸಸ್ಯಾಹಾರಿ, ಒಬ್ಬರು ಜೈನ್’ ಎಂದಷ್ಟೇ ಇತ್ತು. ಆ ಒಬ್ಬರು ಎಂಬತ್ತು ದಾಟಿದ ಅಜ್ಜಿ. ಕ್ಯಾಟರಿಂಗ್‌ನವರು ತಂದ ಡಬ್ಬಿಗಳನ್ನು ನಾನು ಯಾವಾಗಲೂ ವಿಮಾನದ ಮೆಟ್ಟಿಲ ಬಳಿಯೇ ತೆರೆದು ನೋಡುತ್ತೇನೆ. ಜೈನ್ ಎಂದು ಚೀಟಿ ಅಂಟಿಸಿದ ಡಬ್ಬಿಯ ಪಲ್ಯದಲ್ಲಿ ಆಲೂಗಡ್ಡೆ! ಈರುಳ್ಳಿ ಬೆಳ್ಳುಳ್ಳಿ ಬಿಟ್ಟರೆ ಆಯಿತು ಎಂದುಕೊಂಡಿದ್ದರು ಪಾಪ. ನೆಲದೊಳಗೆ ಬೆಳೆಯುವ ಗೆಡ್ಡೆ ಯಾವುದೂ ಸಲ್ಲದು ಎಂಬುದು ಅವರಿಗೆ ಗೊತ್ತಿಲ್ಲ. ಹೆಕ್ಕಿ ತೆಗೆದು ಬಡಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಜೊತೆಗಿದ್ದ ಹೊಸ ಹುಡುಗಿ ಪಿಸುಗುಟ್ಟಿದಳು. ನನಗೆ ತಿಳಿಯುತ್ತದಲ್ಲ.

ಅದಕ್ಕಿಂತ ದೊಡ್ಡ ಚಿಂತೆ ಸೂರ್ಯನದು. ಆ ಅಜ್ಜಿ ಸೂರ್ಯಾಸ್ತದ ನಂತರ ಏನೂ ತಿನ್ನುವುದಿಲ್ಲ ಎಂದು ಸೊಸೆ ಹೇಳಿದ್ದು ಹತ್ತಿದ ಮೇಲೆ. ಪೂರ್ವಕ್ಕೆ ಹಾರುವಾಗ ರಾತ್ರಿ ನಮ್ಮ ಕಡೆಗೇ ಓಡಿಬರುತ್ತದೆ. ಕಾಕ್‌ಪಿಟ್‌ಗೆ ಹೋಗಿ ಕೇಳಿದೆ. ಕ್ಯಾಪ್ಟನ್ ಲೆಕ್ಕ ಹಾಕಿ, ಎದ್ದ ಮೇಲೆ ಎರಡು ಗಂಟೆಯೂ ಸಿಗುವುದಿಲ್ಲ ಎಂದರು. ನನ್ನ ಚೀಲದಲ್ಲಿ ಬರ್ ದುಬೈನ ಮೀನಾ ಬಜಾರ್‌ನಲ್ಲಿ ಕೊಂಡ ಜೈನ್ ಕಿಚಡಿಯ ಪೊಟ್ಟಣಗಳು ಎರಡು, ಖಾಖ್ರಾ ಒಂದು ಕಟ್ಟು, ಸಣ್ಣ ಶೀಷೆಯಲ್ಲಿ ತುಪ್ಪ ಸದಾ ಇರುತ್ತವೆ. ಸೀಟ್‌ಬೆಲ್ಟ್ ದೀಪ ಆರುತ್ತಿದ್ದಂತೆ ಉಳಿದವರಿಗೆ ಬರೀ ಚಹಾ ಕೊಟ್ಟು, ಅಜ್ಜಿಗೆ ಕಿಚಡಿಯನ್ನು ಪಿಂಗಾಣಿ ಬಟ್ಟಲಿಗೆ ಹಾಕಿ ಬಿಸಿಮಾಡಿ, ಮೇಲೆ ತುಪ್ಪ ಬಿಟ್ಟು ಇಟ್ಟೆ. ಅವರು ಒಂದು ಮಾತೂ ಆಡಲಿಲ್ಲ. ನಿಧಾನವಾಗಿ ಉಂಡು, ನೀರು ಕುಡಿದು, ಕಿಟಕಿಯ ಪರದೆ ಸರಿಸಿ ಕೆಂಪಾಗುತ್ತಿದ್ದ ಆಕಾಶ ನೋಡಿ ಕೈಮುಗಿದರು.

ಮುಂದಿನ ಸಲ ಆ ಕುಟುಂಬ ಚಾರ್ಟರ್ ಕೇಳಿದಾಗ ವಿಮಾನದ ಮಾದರಿಯನ್ನು ಹೇಳುವ ಮೊದಲು ನನ್ನ ಹೆಸರು ಹೇಳಿತು. ಈ ಧಂಧೆಯಲ್ಲಿ ಸಂಬಳ ಏರುವುದು ಹೀಗೆ. ಹೆಸರು ಹಿಡಿದು ಕೇಳುವ ಅತಿಥಿ ಒಬ್ಬ ಇದ್ದರೆ ನೀವು ನಿಮ್ಮ ದರ ಹೇಳಬಹುದು. ಇಲ್ಲದಿದ್ದರೆ ಅವರ ದರ ಕೇಳಬೇಕು. ವಿಸ್ಟಾಜೆಟ್‌ನಂಥ ದೊಡ್ಡ ಕಂಪನಿಗಳು ತಮ್ಮ ಕ್ಯಾಬಿನ್ ಹೋಸ್ಟೆಸ್‌ಗಳಿಗೆ ದ್ರಾಕ್ಷಾರಸದ ತರಬೇತಿ, ಬಟ್ಲರ್ ತರಬೇತಿ, ಮಕ್ಕಳನ್ನು ನೋಡಿಕೊಳ್ಳುವ ತರಬೇತಿ ಎಲ್ಲ ಕೊಡಿಸುತ್ತವೆ. ಸ್ವಂತ ಖರ್ಚಿನಲ್ಲಿ ಇಂಥ ಪ್ರಮಾಣಪತ್ರಗಳ ಹಿಂದೆ ಬೀಳಬೇಡಿ ಎಂಬುದು ನನ್ನ ಅಭಿಪ್ರಾಯ. ಕೊಂಡುಕೊಳ್ಳುವುದಾದರೆ ತುರ್ತು ಸುರಕ್ಷತೆಯ ತರಬೇತಿಯನ್ನು ಕೊಂಡುಕೊಳ್ಳಿ. ಸಂದರ್ಶನದಲ್ಲಿ ಮಾಲೀಕನ ಕಚೇರಿಯವರು ಹೂ ಜೋಡಿಸಲು ಬರುತ್ತದೆಯೇ ಎಂದು ಕೇಳುತ್ತಾರೆ, ಪೈಲಟ್‌ಗಳು ಈ ವಿಮಾನದ ಬಾಗಿಲು ತೆರೆಯಲು ಬರುತ್ತದೆಯೇ ಎಂದು ಕೇಳುತ್ತಾರೆ. ಯಾರನ್ನು ಕರೆಯಬೇಕೆಂದು ಫೋನ್ ಮಾಡುವವರು ಬಹುತೇಕ ಪೈಲಟ್‌ಗಳೇ.

ರೂಪದ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಮೊದಲ ಸಂದರ್ಶನದ ಬಾಗಿಲು ಅದರಿಂದ ತೆರೆಯುವುದುಂಟು, ಎರಡನೆಯ ವರ್ಷದ ಸಂಬಳ ಅದರಿಂದ ಏರಿದ್ದನ್ನು ನಾನು ಕಂಡಿಲ್ಲ. ಭಾಷೆಗೆ ಬೆಲೆ ಇದೆ. ಇಲ್ಲಿ ಅರಬ್ಬಿ, ರಷ್ಯನ್ ಬಲ್ಲವರಿಗೆ ಮೊದಲ ಕರೆ. ಬಕ್ಷೀಸನ್ನು ಸಂಬಳದ ಲೆಕ್ಕಕ್ಕೆ ಸೇರಿಸಿ ಹೇಳುವ ಏಜೆಂಟರನ್ನು ನಂಬಬೇಡಿ. ಬಂದರೆ ಬಂತು.

ಕಾಯಂ ಅಲ್ಲದ, ದಿನದ ಲೆಕ್ಕದ ಬಿಡಿ ಕೆಲಸದ ಬಗ್ಗೆ ಒಂದು ಎಚ್ಚರಿಕೆ, ಏಕೆಂದರೆ ಏಟು ತಿಂದಿದ್ದೇನೆ. ಅಮೆರಿಕದಲ್ಲಿ ಬಿಡಿ ಕೆಲಸಕ್ಕೆ ದಿನಕ್ಕೆ 500ರಿಂದ 800 ಡಾಲರ್, ಅದರ ಮೇಲೆ ದಿನಭತ್ಯೆ ಎಂದು ಕೇಳಿದಾಗ ಯಾರಿಗಾದರೂ ಕಣ್ಣು ಅರಳುತ್ತದೆ. ಆದರೆ ಅದು ಹಾರಿದ ದಿನಗಳಿಗೆ ಮಾತ್ರ. ರಜೆಯಿಲ್ಲ, ವಿಮೆಯಿಲ್ಲ, ತಿಂಗಳಿಗೆ ಆರು ದಿನ ಸಿಕ್ಕರೆ ಆರೇ. ಒಮ್ಮೆ ಒಂಬತ್ತು ದಿನಗಳ ಪ್ರವಾಸಕ್ಕೆಂದು ಒಬ್ಬರು ನನ್ನನ್ನು ಗೊತ್ತುಮಾಡಿದರು. ಬೇರೆ ಎರಡು ಕರೆಗಳನ್ನು ಬಿಟ್ಟೆ, ನನ್ನ ಕೈಯಿಂದ ಸಾಮಾನು ಕೊಂಡು ಗ್ಯಾಲಿ ತುಂಬಿಸಿದೆ. ಹೊರಡುವ ಹಿಂದಿನ ರಾತ್ರಿ ಹನ್ನೊಂದಕ್ಕೆ ‘ಪ್ರವಾಸ ರದ್ದು, ಧನ್ಯವಾದ’ ಎಂಬ ಸಂದೇಶ ಬಂತು. ಅಷ್ಟೇ. ಸಾಮಾನಿನ ಹಣ ಬಂದದ್ದು ಐದು ತಿಂಗಳ ನಂತರ, ದಿನಗಳ ಹಣ ಬರಲೇ ಇಲ್ಲ; ಒಪ್ಪಂದದಲ್ಲಿ ರದ್ದತಿಯ ಮಾತೇ ಇರಲಿಲ್ಲ. ಆಮೇಲೆ 48 ಗಂಟೆಯೊಳಗೆ ರದ್ದಾದರೆ ಅರ್ಧ ಹಣ ಎಂದು ಬರೆಸಿಕೊಳ್ಳದೆ ನಾನು ಮನೆ ಬಿಟ್ಟಿಲ್ಲ. ಪ್ರಯಾಣದ ದಿನ, ಕಾಯುವ ದಿನ, ಸಾಮಾನು ತುಂಬುವ ದಿನ, ಇವು ಯಾವ ದರದಲ್ಲಿ ಎಂಬುದೂ ಬರವಣಿಗೆಯಲ್ಲಿ ಬೇಕು.

ದುಬೈಗೆ ಬರುವ ಯೋಚನೆ ಇದ್ದರೆ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ ಎಂಬ ಒಂದೇ ಮಾತಿಗೆ ಮರುಳಾಗಬೇಡಿ. ಒಟ್ಟು ಸಂಬಳದಲ್ಲಿ ಬೇಸಿಕ್ ಎಷ್ಟು ಎಂದು ನೋಡಿ. ಇಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನಗಳ ಬೇಸಿಕ್. ಒಟ್ಟು 12 ಸಾವಿರ ದಿರ್ಹಮ್ ಎಂದು ಇಬ್ಬರೂ ಹೇಳಿದರು ಎನ್ನಿ. ಒಬ್ಬರಲ್ಲಿ ಬೇಸಿಕ್ 8 ಸಾವಿರ, ಇನ್ನೊಬ್ಬರಲ್ಲಿ 4 ಸಾವಿರ, ಉಳಿದದ್ದು ಭತ್ಯೆ. ಐದು ವರ್ಷ ಕಳೆದು ಹೊರಟಾಗ ಒಬ್ಬಳ ಕೈಗೆ 28 ಸಾವಿರ, ಇನ್ನೊಬ್ಬಳ ಕೈಗೆ 14 ಸಾವಿರ. ಮನೆ ಬಾಡಿಗೆ ಯಾರದು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಕಂಪನಿ ಕೊಡುವುದಿಲ್ಲವಾದರೆ ತೆರಿಗೆಯಲ್ಲಿ ಉಳಿದದ್ದು ಬಾಡಿಗೆಯಲ್ಲಿ ಹೋಗುತ್ತದೆ.

ಬೆಂಗಳೂರು ಬಿಡಲು ಇಷ್ಟವಿಲ್ಲ ಎಂದೂ ಬರೆದಿದ್ದೀರಿ. 2008ರಲ್ಲಿ ದೇವನಹಳ್ಳಿಗೆ ಏರ್‌ಲೈನ್‌ಗಳು ಹೋದ ಮೇಲೆಯೂ ಎಚ್‌ಎಎಲ್ ನಿಲ್ದಾಣದಲ್ಲಿ ಬಿಸಿನೆಸ್ ಜೆಟ್‌ಗಳು ಇಳಿಯುತ್ತಲೇ ಇವೆ, ನಿಜ. ಆದರೆ ಇಳಿಯುವ ವಿಮಾನ ಬೇರೆ, ಅಲ್ಲೇ ಮನೆ ಮಾಡಿಕೊಂಡ ವಿಮಾನ ಬೇರೆ. ದೇಶದ ಖಾಸಗಿ ಜೆಟ್‌ಗಳಲ್ಲಿ ಹೆಚ್ಚಿನವು ದೆಹಲಿ, ಮುಂಬೈಗಳಲ್ಲಿ ನೆಲೆಸಿವೆ. ಕಾಯಂ ಕೆಲಸ ಬೆಂಗಳೂರಿನಲ್ಲೇ ಬೇಕೆಂದರೆ ಆಯ್ಕೆ ಕಡಿಮೆ, ಆಯ್ಕೆ ಕಡಿಮೆಯಾದರೆ ಚೌಕಾಸಿಯೂ ಕಡಿಮೆ. ಬಿಡಿ ಕೆಲಸಕ್ಕೆ ಬೆಂಗಳೂರಿನಿಂದ ಹೋಗುವುದಾದರೆ ಮುಂಬೈವರೆಗಿನ ಟಿಕೆಟ್ ಯಾರ ಲೆಕ್ಕ ಎಂಬುದೇ ನಿಮ್ಮ ದರವನ್ನು ತಿನ್ನಬಹುದು.

ಅಮೆರಿಕದ ಬಿಸಿನೆಸ್ ವಿಮಾನಯಾನ ಸಂಘವಾದ ಎನ್‌ಬಿಎಎ ಪ್ರತಿ ವರ್ಷ ಸಂಬಳದ ಸಮೀಕ್ಷೆ ಮಾಡುತ್ತದೆ; ಯಾರಾದರೂ ಅದರ ಅಂಕಿ ಹಿಡಿದು ಬಂದರೆ ಅಮೆರಿಕದ್ದನ್ನು ರೂಪಾಯಿಗೆ ಗುಣಿಸಿ ಹಿಗ್ಗಬೇಡಿ. ಮೊದಲ ಕರೆಯಲ್ಲೇ ‘ನಿಮ್ಮ ನಿರೀಕ್ಷೆ ಎಷ್ಟು’ ಎಂದು ಕೇಳುತ್ತಾರೆ. ಉತ್ತರಿಸುವ ಮೊದಲು ತಿರುಗಿ ಕೇಳಿ: ವಿಮಾನ ಯಾರದು, ಕಳೆದ ವರ್ಷ ತಿಂಗಳಿಗೆ ಸರಾಸರಿ ಎಷ್ಟು ದಿನ ಹಾರಿತು, ಹಿಂದೆ ಇದ್ದವಳು ಏಕೆ ಬಿಟ್ಟಳು. ಮೂರನೆಯದಕ್ಕೆ ಅವರು ತಡವರಿಸಿದರೆ ದರವನ್ನು ಒಂದಿಷ್ಟು ಏರಿಸಿ ಹೇಳಿ. ಒಪ್ಪಂದದ ಕರಡು ಕೈಗೆ ಬಂದಾಗ ಕಂಪನಿಯ ಹೆಸರು ಅಳಿಸಿ ಸಾಲುಗಳನ್ನು ಇಲ್ಲೇ ಕೆಳಗೆ ಹಾಕಿ. ಸದ್ಯ ಮುಂದಿನ ಹನ್ನೆರಡು ದಿನ ನನ್ನ ಫೋನ್ ನನ್ನದೇ, ನೋಡಿ ಹೇಳುತ್ತೇನೆ.