ಪುಸ್ತಕ ಕೊಟ್ರೆ ಮುಖ ಸಿಂಡರಿಸ್ತಾನೆ, ಏನ್ಮಾಡೋದು?

ಹೋದ ಸಂಚಿಕೇಲಿ "ಖುಷಿಗೋಸ್ಕರ ಓದೋದರ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ" ಅಂದಿದ್ವಿ. ಬಂದ ಪತ್ರಗಳಲ್ಲಿ ಮುಕ್ಕಾಲು ಭಾಗ ಮಕ್ಕಳ ಮೇಲಿನ ಕಂಪ್ಲೇಂಟೇ. ಬರೆದವರು ತಾವು ಓದ್ತಾರೋ ಇಲ್ವೋ ಅನ್ನೋದನ್ನ ಮಾತ್ರ ಯಾರೂ ಬಾಯಿ ಬಿಟ್ಟಿಲ್ಲ! ಇರ್ಲಿ, ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಊರು ಮಾತ್ರ ಹಾಕಿದೀನಿ.

ನನ್ನ ಮಗ ನಾಲ್ಕನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೇಲಿ ಕನ್ನಡ ಪಟಪಟ ಮಾತಾಡ್ತಾನೆ, ಆದ್ರೆ ಕನ್ನಡ ಪುಸ್ತಕ ಕೊಟ್ರೆ ಮುಖ ಸಿಂಡರಿಸ್ತಾನೆ. ಪುಸ್ತಕ ಮೇಳದಲ್ಲಿ ತಂದಿದ್ದೆಲ್ಲ ಹಾಗೇ ಬಿದ್ದಿದೆ. ದಿನಾ ಎರಡು ಪುಟ ಓದಿ ನೀತಿ ಬರೆದು ತೋರ್ಸಿದ್ರೆ ಮಾತ್ರ ಮೊಬೈಲ್ ಅಂತ ರೂಲ್ ಮಾಡಿದೀನಿ, ಆದ್ರೂ ಪ್ರಯೋಜನ ಇಲ್ಲ ಮೇಡಂ. — ಒಬ್ಬ ತಾಯಿ, ರಾಜಾಜಿನಗರ

ಅಮ್ಮಾ, ಮೊದಲು ಆ ರೂಲ್ ತೆಗೆದುಬಿಡಿ, ಇವತ್ತೇ. ಮೊಬೈಲ್ ಬಹುಮಾನ, ಪುಸ್ತಕ ಅದಕ್ಕೆ ಕಟ್ಟಬೇಕಾದ ದಂಡ ಅಂತ ನೀವೇ ಹೇಳಿಕೊಟ್ಟ ಹಾಗಾಯ್ತಲ್ಲ, ದಂಡ ಕಟ್ಟೋದನ್ನ ಯಾರಾದ್ರೂ ಇಷ್ಟಪಡ್ತಾರಾ. ಆ ನೀತಿ ಬರೆಯೋದಂತೂ ಬೇಡವೇ ಬೇಡ. ನೀವು ಸೀರಿಯಲ್ ನೋಡಿದ್ಮೇಲೆ ಯಾರಾದ್ರೂ ಬಂದು ಇವತ್ತಿನ ಎಪಿಸೋಡಿನ ನೀತಿ ಐದು ಸಾಲಲ್ಲಿ ಬರೀರಿ ಅಂದ್ರೆ ನಾಳೆಯಿಂದ ಟಿವಿ ಹಾಕ್ತೀರಾ ಹೇಳಿ.

ಇನ್ನೊಂದು ವಿಷ್ಯ, ಅವನಿಗೆ ಕಥೆ ಬೇಡ ಅಂತಲ್ಲ, ಅಕ್ಷರ ಕೂಡಿಸೋದರಲ್ಲೇ ಸುಸ್ತಾಗ್ತಿದಾನೆ ಅಷ್ಟೇ. ಸ್ಕೂಲಲ್ಲಿ ವಾರಕ್ಕೆ ನಾಲ್ಕೋ ಐದೋ ಪೀರಿಯಡ್ ಕನ್ನಡ, ಅದರಲ್ಲಿ ಕಾಗುಣಿತ ಒತ್ತಕ್ಷರ ಮುಗಿಸೋ ಹೊತ್ತಿಗೆ ವರ್ಷ ಮುಗಿದಿರುತ್ತೆ. ಸುಮ್ನೆ ಪಕ್ಕದಲ್ಲಿ ಕೂತು ನೋಡಿ, "ಅಜ್ಜಿ ಮನೆಗೆ ಬಂದಳು" ಸಲೀಸಾಗಿ ಓದ್ತಾನೆ, "ಆಶ್ಚರ್ಯ" ಬಂತು ಅಂದ್ರೆ ಬೆರಳು ಅಲ್ಲೇ ನಿಂತುಬಿಡುತ್ತೆ, ಶ ಕೆಳಗೆ ಚ, ಆಮೇಲೆ ಆ ಅರ್ಕಾವತ್ತು, ಅದನ್ನ ಯ ಮುಂಚೆ ಹೇಳ್ಬೇಕೋ ಆಮೇಲೆ ಹೇಳ್ಬೇಕೋ ಅಂತ ಯೋಚಿಸೋ ಹೊತ್ತಿಗೆ ಅಜ್ಜಿ ಯಾಕೆ ಬಂದಿದ್ಲು ಅನ್ನೋದೇ ಮರೆತುಹೋಗಿರುತ್ತೆ. ಅವನು ನಾಲ್ಕನೇ ಕ್ಲಾಸು ಅಂತ ನಾಲ್ಕನೇ ಕ್ಲಾಸಿನ ಪುಸ್ತಕ ಕೊಟ್ರೆ ಹೀಗೇ ಆಗೋದು. ಎರಡು ಮೆಟ್ಟಿಲು ಕೆಳಗಿಂದು ಕೊಡಿ, ಇಡೀ ಪುಟಕ್ಕೆ ಚಿತ್ರ, ಕೆಳಗೆ ಎರಡು ಸಾಲು ಇರುವಂಥದ್ದು. ಪ್ರಥಮ್ ಬುಕ್ಸ್‌ನವರು 2015ರಿಂದ ಸ್ಟೋರಿವೀವರ್ ಅಂತ ಒಂದು ವೆಬ್‌ಸೈಟ್ ನಡೆಸ್ತಿದಾರೆ, ಅಲ್ಲಿ ಕನ್ನಡದ ಚಿತ್ರಪುಸ್ತಕಗಳು ಬೇಕಾದಷ್ಟಿವೆ, ಒಂದರಿಂದ ನಾಲ್ಕರವರೆಗೆ ಲೆವೆಲ್ ಹಾಕಿದಾರೆ, ಓದೋಕೆ ಫ್ರೀ, ಡೌನ್‌ಲೋಡ್ ಮಾಡಿ ಪ್ರಿಂಟ್ ತಗೊಳ್ಳೋಕೂ ಅಭ್ಯಂತರ ಇಲ್ಲ. ಲೆವೆಲ್ ಒಂದು ಅಂತ ಅವನಿಗೆ ಗೊತ್ತಾಗ್ಬಾರ್ದು, ಆ ವಯಸ್ಸಿಗೆ ಮರ್ಯಾದೆ ಪ್ರಶ್ನೆ ಅದು.

ರಾತ್ರಿ ಮಲಗೋವಾಗ ನೀವು ಓದಿ. ನಾಲ್ಕನೇ ಕ್ಲಾಸಿನ ಹುಡುಗನಿಗೆ ಓದಿ ಹೇಳೋದಾ ಅನ್ಬೇಡಿ, ಏಳನೇ ಕ್ಲಾಸಿನವರೂ ಕೂತು ಕೇಳ್ತಾರೆ. ಕಿವಿಗೆ ಅವನು ತನ್ನ ಲೆವೆಲ್ಲಿಗಿಂತ ಮೇಲಿನ ಕಥೆ ಆರಾಮಾಗಿ ತಗೋತಾನೆ, ಕಣ್ಣಿಗೆ ಕೆಳಗಿನ ಲೆವೆಲ್ ಸಾಕು, ಎರಡೂ ನಿಧಾನಕ್ಕೆ ಒಂದು ಕಡೆ ಸೇರ್ತವೆ. ಪುಸ್ತಕದಲ್ಲಿ "ಹೋಗುತ್ತಿದ್ದನು" ಅಂತಿದ್ರೆ ನೀವು "ಹೋಗ್ತಿದ್ದ" ಅಂತಾನೇ ಓದಿ, ಯಾವ ಮಗೂನೂ ಮನೇಲಿ "ಹೋಗುತ್ತಿದ್ದನು" ಅನ್ನೋದಿಲ್ಲ. ಇನ್ನೇನು ಬಾಗಿಲು ತೆಗೆದ್ರೆ ಒಳಗೆ ಯಾರಿದಾರೆ ಗೊತ್ತಾಗುತ್ತೆ ಅನ್ನೋ ಕಡೆ ನಿಲ್ಲಿಸಿ, ನಿದ್ದೆ ಬಂತಪ್ಪಾ ಅಂತ ಪುಸ್ತಕ ಅಲ್ಲೇ ಬಿಟ್ಟು ಎದ್ದು ಬನ್ನಿ. ದಿನಾ ಈ ಆಟ ಆಡಬೇಡಿ, ಗೊತ್ತಾಗಿಬಿಡುತ್ತೆ.

ಪುಸ್ತಕ ಅವನೇ ಆರಿಸ್ಲಿ. ಮೇಳದಲ್ಲಿ ನೀವು ಆರಿಸಿದ್ದು ಅಂತ ನಿಮ್ಮ ಪತ್ರದಲ್ಲೇ ಗೊತ್ತಾಗುತ್ತೆ. ಕಬ್ಬನ್ ಪಾರ್ಕ್ ಒಳಗೆ ಮಕ್ಕಳಿಗೇ ಅಂತ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯ ಇದೆ, ಒಂದು ಭಾನುವಾರ ಕರ್ಕೊಂಡು ಹೋಗಿ (ಯಾವತ್ತು ರಜಾ ಅಂತ ಮೊದಲೇ ವಿಚಾರಿಸಿಕೊಳ್ಳಿ), ಅಲ್ಲಿ ಅವನು ಡೈನೋಸಾರ್ ಪುಸ್ತಕ ಹಿಡಿದು ಬರೀ ಚಿತ್ರ ನೋಡಿದ್ರೂ ಸುಮ್ನಿರಿ. ಅಂದಹಾಗೆ ನೀವು ಆಸ್ತಿ ತೆರಿಗೆ ಕಟ್ಟೋವಾಗ ಅದರ ಮೇಲೆ ಗ್ರಂಥಾಲಯ ಕರ ಅಂತ ಶೇ 6ರಷ್ಟು ಸೇರಿಸಿ ತಗೋತಾರೆ, ರಸೀದಿ ತೆಗೆದು ನೋಡಿ. ದುಡ್ಡು ಹೇಗೂ ಕೊಟ್ಟಾಗಿದೆ, ಹೋಗದೆ ಇದ್ರೆ ನಮಗೇ ಲಾಸು.

ಕಾಮಿಕ್ಸ್ ಓದಿದ್ರೆ ಓದು ಅನ್ಸುತ್ತಾ? ಮಗಳು ಅದು ಬಿಟ್ಟು ಬೇರೇನೂ ಮುಟ್ಟಲ್ಲ. — ದಾವಣಗೆರೆ

ಅನ್ಸುತ್ತೆ. ಅಮರ ಚಿತ್ರ ಕಥೆ ಶುರುವಾಗಿದ್ದೇ ಮೊದಲು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಲ್ಲಿ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅದನ್ನ ಓದಿ ಬೆಳೆದವರು ಈಗ ಅಜ್ಜ ಅಜ್ಜಿ ಆಗಿದಾರೆ, ಯಾರೂ ಕೆಟ್ಟುಹೋಗಿಲ್ಲ. ಬಿಟ್ಟುಬಿಡಿ ಓದ್ಕೊಳ್ಳಿ.

ನಾ ಮೊದ್ಲ ಭಾಳ ಓದ್ತಿದ್ದೆರಿ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿ ತಂದು ಒಂದ ರಾತ್ರ್ಯಾಗ ಮುಗಸ್ತಿದ್ದೆ. ಈಗ ನಲವತ್ತಾರು, ಪುಸ್ತಕ ಹಿಡದ್ರ ಎರಡ ಪುಟಕ್ಕ ಕೈ ಫೋನ್ ಕಡೆ ಹೊಕ್ಕೈತಿ. ಮನ್ಯಾಕಿ ಬ್ಯಾರೆ, "ಓದೂದಿದ್ರ ಏನರ ಛಲೋದು ಓದ್ರಿ, ಇನ್ನೂ ಆ ಪತ್ತೇದಾರಿನ ಏನ್ ಓದ್ತೀರಿ" ಅಂತಾಳ. — ಹುಬ್ಬಳ್ಳಿ

ಅಣ್ಣಾ, ಮನೆಯವರ ಮಾತನ್ನ ಮೊದಲು ಮುಗಿಸೋಣ. ಎನ್. ನರಸಿಂಹಯ್ಯನವರು ಅಂತಿದ್ರಲ್ಲ, ಪತ್ತೇದಾರ ಪುರುಷೋತ್ತಮನ್ನ ಸೃಷ್ಟಿ ಮಾಡಿದವರು, ಸ್ಕೂಲು ಓದಿದ್ದು ಕಮ್ಮಿ, ಬರೆದಿದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪುಸ್ತಕ ಹಿಡ್ಕೊಂಡೇ ಸರಾಗವಾಗಿ ಓದೋದು ಕಲಿತ್ವಿ ಅನ್ನೋ ಜನ ನಮ್ಮಲ್ಲಿ ಎಷ್ಟಿದಾರೆ. ಛಲೋದು ಅಂದ್ರೆ ಯಾವುದು, ಪುಟ ತಿರುಗಿಸೋ ಹಾಗೆ ಮಾಡಿದ್ದೇ ಛಲೋದು. ಮನೆಯವರಿಗೆ ದೊಡ್ಡ ಕಾದಂಬರಿ ಇಷ್ಟ ಇದ್ರೆ ಅವರು ಓದ್ಲಿ, ನೀವು ನಿಮ್ಮದು ಓದಿ.

ಈಗ ಫೋನಿನ ವಿಷ್ಯ. ಆಗ ನೀವು ಒಂದು ರಾತ್ರಿಯಲ್ಲಿ ಮುಗಿಸ್ತಿದ್ದಿದ್ದು ಬರೀ ಆಸಕ್ತಿಯಿಂದ ಅಂದ್ಕೋಬೇಡಿ, ಸರ್ಕ್ಯುಲೇಟಿಂಗ್ ಲೈಬ್ರರಿ ಬಾಡಿಗೆ ದಿನದ ಲೆಕ್ಕದಲ್ಲಿತ್ತು, ಒಂದು ದಿನ ಹೆಚ್ಚಿಟ್ಕೊಂಡ್ರೆ ಹೆಚ್ಚು ದುಡ್ಡು, ಜೊತೆಗೆ ಇನ್ನೊಬ್ಬ ಅದೇ ಪುಸ್ತಕಕ್ಕೆ ಕಾಯ್ತಿರ್ತಿದ್ದ. ಈಗ ಸ್ವಂತ ಪುಸ್ತಕ, ಕಪಾಟಲ್ಲಿ ಇದೆ, ನಾಳೆ ಓದಿದ್ರಾಯ್ತು, ಆ ನಾಳೆ ಬರೋದೇ ಇಲ್ಲ. ಅದಕ್ಕೇ ಗೆಳೆಯರ ಹತ್ರ ಎರವಲು ತನ್ನಿ, ಇಂಥಾ ದಿನ ವಾಪಸ್ ಕೊಡ್ತೀನಿ ಅಂತ ತಾರೀಖು ಹೇಳಿ ತನ್ನಿ. ನಿಮ್ಮೂರಿನ ಲೈಬ್ರರಿ ಕಾರ್ಡ್ ಇದ್ರೆ ಇನ್ನೂ ಒಳ್ಳೇದು, ಅಲ್ಲಿ ತಾರೀಖು ಅವರೇ ಸೀಲ್ ಹೊಡೀತಾರೆ.

ಶುರು ಮಾಡೋಕೆ ಹೊಸದು ಬೇಡ. ಇಪ್ಪತ್ತನೇ ವಯಸ್ಸಲ್ಲಿ ಓದಿ ಹುಚ್ಚು ಹಿಡಿಸಿಕೊಂಡಿದ್ದೇ ಒಂದು ಹುಡುಕಿ, ಊರು, ಮನುಷ್ಯರು, ಕೊಲೆ ಮಾಡಿದ್ದು ಯಾರು ಎಲ್ಲ ಅರ್ಧಂಬರ್ಧ ನೆನಪಿರುತ್ತೆ, ಹಾಗಾಗಿ ತಲೆಗೆ ಭಾರ ಕಮ್ಮಿ, ನಡುವೆ ಬಿಟ್ಟು ಮತ್ತೆ ಹಿಡಿದ್ರೂ ದಾರಿ ತಪ್ಪಲ್ಲ. ಅದು ಮುಗಿದ ಮೇಲೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ನೋಡಿ. ನಮ್ಮ ಜನಪ್ರಿಯ ಕಾದಂಬರಿಗಳು ಎಷ್ಟೋ ಹಾಗೇ ಬಂದಿದ್ದು. ಒಂದೊಂದು ಅಧ್ಯಾಯವೂ ಒಂದು ಕಂತಿನ ಅಳತೆ, ಕೊನೇಲಿ ಒಂದು ಕೊಕ್ಕೆ ಇಟ್ಟೇ ನಿಲ್ಲಿಸಿರ್ತಾರೆ, ಓದುಗ ಮುಂದಿನ ವಾರ ಪತ್ರಿಕೆ ಕೊಳ್ಬೇಕಲ್ಲ. ದಿನಕ್ಕೊಂದು ಕಂತು ಓದಿ ಸಾಕು, ಅಷ್ಟು ಹೊತ್ತು ಫೋನ್ ಅಡುಗೆಮನೇಲಿ ಚಾರ್ಜಿಗೆ ಹಾಕಿ. ಸೈಲೆಂಟ್ ಮಾಡಿ ದಿಂಬಿನ ಕೆಳಗೆ ಇಟ್ಕೊಳ್ಳೋದೆಲ್ಲ ನಮಗೆ ನಾವೇ ಹೇಳ್ಕೊಳ್ಳೋ ಸುಳ್ಳು. ಮೂವತ್ತು ನಲವತ್ತು ಪುಟ ಆದ್ರೂ ಹಿಡಿಸ್ತಿಲ್ಲ ಅಂದ್ರೆ ಪುಸ್ತಕ ಮುಚ್ಚಿ ಬೇರೆ ತಗೊಳ್ಳಿ, ಯಾರೂ ಕೇಸ್ ಹಾಕಲ್ಲ.

ಬೆಂಗಳೂರಲ್ಲಿ 2023ರಿಂದ ಕಬ್ಬನ್ ರೀಡ್ಸ್ ಅಂತ ನಡೀತಿದೆ, ಶನಿವಾರ ಪಾರ್ಕಿಗೆ ಚಾಪೆ ಪುಸ್ತಕ ತಂದು ಮರದ ಕೆಳಗೆ ಸುಮ್ನೆ ಓದ್ಕೊಂಡು ಹೋಗೋದು. ಭಾಷಣ ಇಲ್ಲ, ಚರ್ಚೆ ಇಲ್ಲ, ಯಾವ ಪುಸ್ತಕ ಅಂತ ಕೇಳೋರೂ ಇಲ್ಲ. ಅದು ನೋಡಿ ಬೇರೆ ಬೇರೆ ಊರಲ್ಲೂ ಶುರು ಮಾಡಿದಾರೆ. ನಾನು ಮೊದಲು ಕೇಳಿದಾಗ ಇದೇನು ಶೋಕಿ ಅಂದ್ಕೊಂಡಿದ್ದೆ, ಆದ್ರೆ ಪಕ್ಕದವರು ಓದ್ತಿರೋವಾಗ ನಾವು ಫೋನ್ ತೆಗೆಯೋಕೆ ಸಂಕೋಚ ಆಗುತ್ತೆ ನೋಡಿ, ಅದೇ ಅದರ ಗುಟ್ಟು. ನಿಮ್ಮಲ್ಲಿ ಇಂದಿರಾ ಗಾಜಿನ ಮನೆ ಗಾರ್ಡನ್ ಇದೆಯಲ್ಲ, ಇಬ್ರು ಗೆಳೆಯರನ್ನ ಕರ್ಕೊಂಡು ಹೋಗಿ, ಓದಿ ಆದ್ಮೇಲೆ ಗಿರ್ಮಿಟ್ ಮಿರ್ಚಿ ಅಂತ ಹೇಳಿದ್ರೆ ಬಂದೇ ಬರ್ತಾರೆ.

ಕಂಡಕಂಡಲ್ಲಿ ಪುಸ್ತಕ ಕೊಳ್ತೀನಿ, ಓದೋದು ಕಮ್ಮಿ. ಮನೇಲಿ ಜಾಗ ಇಲ್ಲ ಅಂತ ಯಜಮಾನ್ರ ಗಲಾಟೆ. — ಮೈಸೂರು

ಯಜಮಾನ್ರನ್ನ ಒಂದ್ಸಲ ಪಾಂಡವಪುರದ ಹತ್ರ ಹರಳಹಳ್ಳಿಗೆ ಕರ್ಕೊಂಡು ಹೋಗಿ, ಮೈಸೂರಿಂದ ಏನೂ ದೂರ ಇಲ್ಲ. ಅಲ್ಲಿ ಅಂಕೇಗೌಡ್ರ "ಪುಸ್ತಕ ಮನೆ" ಇದೆ. ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೇಲಿ ಕೆಲಸ ಮಾಡಿದವರು, ದುಡಿದ ದುಡ್ಡೆಲ್ಲ ಸುರಿದು ಲಕ್ಷಗಟ್ಟಲೆ ಪುಸ್ತಕ ಸೇರಿಸಿದಾರೆ. ಅದನ್ನ ನೋಡಿ ವಾಪಸ್ ಬಂದ್ಮೇಲೆ ನಿಮ್ಮ ಎರಡು ಕಪಾಟು ಅವರಿಗೆ ಏನೂ ಅನ್ಸಲ್ಲ.

ನಮ್ಮದು ಹಳ್ಳಿ ಸರ್ಕಾರಿ ಶಾಲೆ. ಲೈಬ್ರರಿ ಪುಸ್ತಕ ಒಳ್ಳೊಳ್ಳೇವು ಬಂದಿವೆ, ಆದ್ರೆ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇವೆ. ಮಕ್ಕಳ ಕೈಗೆ ಕೊಟ್ಟರೆ ಹರಿದು ಹಾಕುತ್ತಾರೆ, ಕಳೆಯುತ್ತಾರೆ ಎಂಬ ಭಯ. ಇನ್‌ಚಾರ್ಜ್ ನಾನೇ. — ಒಬ್ಬ ಶಿಕ್ಷಕರು, ಯಾದಗಿರಿ ಜಿಲ್ಲೆ

ಸರ್, ನೀವು ಹೆದರ್ತಿರೋದು ಮಕ್ಕಳಿಗಲ್ಲ, ಸ್ಟಾಕ್ ರಿಜಿಸ್ಟರಿಗೆ. ನಾಳೆ ವರ್ಗ ಆಗಿ ಚಾರ್ಜ್ ಕೊಡೋವಾಗ ಹನ್ನೆರಡು ಪುಸ್ತಕ ಕಮ್ಮಿ ಬಂದ್ರೆ ಯಾರ ತಲೆಗೆ ಬರುತ್ತೆ ಅನ್ನೋ ಚಿಂತೆ ಅದು, ನಿಜವಾದ ಚಿಂತೆ, ಅದಕ್ಕೆ "ಮಕ್ಕಳ ಭವಿಷ್ಯ" ಅಂತ ನಾನು ಇಲ್ಲಿ ಕೂತು ಉಪದೇಶ ಮಾಡಿದ್ರೆ ತಪ್ಪಾಗುತ್ತೆ. ಹೆಡ್‌ಮಾಸ್ಟರ್ ಜೊತೆ ಮಾತಾಡಿ, ಓದಿ ಹರಿದದ್ದು ಕಳೆದದ್ದಕ್ಕೆ ಇಂತಿಷ್ಟು ಪುಸ್ತಕ ಅಂತ ಲೆಕ್ಕದಿಂದ ಬಿಟ್ಟು, ವರ್ಷಕ್ಕೊಮ್ಮೆ ಪಟ್ಟಿ ಮಾಡೋ ಬಗ್ಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೇಲಿ ಇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿಟ್ಕೊಳ್ಳಿ. ಬೇಕಾದ್ರೆ ಮೇಲಿನ ಆಫೀಸಿಗೂ ಒಂದು ಕಾಪಿ ಕಳಿಸಿ. ಹಾಳೆಯ ಮೇಲೆ ಏನೋ ಒಂದು ಇದೆ ಅಂದ್ರೆ ನಿಮಗೂ ಧೈರ್ಯ, ಮುಂದೆ ಬರೋರಿಗೂ ಧೈರ್ಯ.

ಬೀಗ ಒಂದೇ ಸಲ ಪೂರ್ತಿ ತೆಗೀಬೇಕು ಅಂತಿಲ್ಲ. ನಲಿಕಲಿ ಕ್ಲಾಸಲ್ಲಿ (ಚಿಕ್ಕ ಮಕ್ಕಳು ಆಡ್ತಾ ಕಲಿಯೋ ಕ್ಲಾಸು) ಹೇಗೂ ಚಿತ್ರ, ಕಾರ್ಡು ನೇತುಹಾಕೋ ಹಗ್ಗದ ಚಪ್ಪರ ಕಟ್ಟಿರ್ತೀರಿ, ಅದೇ ಥರ ಗೋಡೆಗೆ ಹುಡುಗರ ಎದೆಮಟ್ಟಕ್ಕೆ ಒಂದು ಹಗ್ಗ ಎಳೆದು ಬಟ್ಟೆ ಕ್ಲಿಪ್ಪಲ್ಲಿ ತೆಳು ಪುಸ್ತಕ ಹದಿನೈದಿಪ್ಪತ್ತು ನೇತುಹಾಕಿ. ಬೀರುವಲ್ಲಿ ಬೆನ್ನು ಮಾತ್ರ ಕಾಣುತ್ತೆ, ತೆಳು ಪುಸ್ತಕಕ್ಕೆ ಆ ಬೆನ್ನೂ ಇರಲ್ಲ, ಹಗ್ಗದ ಮೇಲೆ ಮುಖಪುಟ ಕಾಣುತ್ತೆ, ಮಕ್ಕಳು ಕೈ ಹಾಕೋದು ಮುಖಪುಟ ನೋಡಿ. ಕೊಟ್ಟಿದ್ದು ತಗೊಂಡಿದ್ದು ಬರ್ಕೊಳ್ಳೋ ನೋಟ್‌ಬುಕ್ ಏಳನೇ ಕ್ಲಾಸಿನ ಇಬ್ಬರ ಕೈಗೆ ಕೊಡಿ, ಅದರಲ್ಲಿ ಒಬ್ಬ ನಿಮ್ಮ ಶಾಲೆಯ ಮಹಾ ತುಂಟ ಆಗಿರ್ಲಿ, ಅವನು ವಸೂಲಿ ಮಾಡೋ ರೀತಿ ನಿಮಗೆ ಬರಲ್ಲ. ಹರಿದಿದ್ದನ್ನ ಶನಿವಾರ ಅವರೇ ಕೂತು ಗೋಂದು ಟೇಪ್ ಹಾಕಿ ಅಂಟಿಸ್ಲಿ. ಯಾವ ಪುಸ್ತಕ ಜಾಸ್ತಿ ಹರಿದಿದೆ ನೋಡಿ, ಮುಂದಿನ ಸಲ ಅದೇ ಥರದ್ದು ತರಿಸಿ.

ರಜೆಯಲ್ಲಿ ಮಕ್ಕಳನ್ನ ಗ್ರಾಮ ಪಂಚಾಯ್ತಿ ಲೈಬ್ರರಿಗೆ ದಾಟಿಸಿ, ಈಗ ಅದಕ್ಕೆ ಅರಿವು ಕೇಂದ್ರ ಅಂತಾರೆ. 2020ರಲ್ಲಿ "ಓದುವ ಬೆಳಕು" ಕಾರ್ಯಕ್ರಮ ಶುರುವಾದಾಗಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಕೆಲವು ಊರಲ್ಲಿ ಬಹಳ ಚೆನ್ನಾಗಿ ನಡೀತಿದೆ, ಕೆಲವು ಕಡೆ ಬರೀ ಬೋರ್ಡ್ ಇದೆ. ನಿಮ್ಮೂರಿಂದು ಯಾವ ಥರ ಅಂತ ಹೋಗಿ ನೋಡ್ಬೇಕು.

ಅತ್ತೆಗೆ ಎಪ್ಪತ್ತೆರಡು. ಕಣ್ಣಿನ ಪೊರೆ ಆಪರೇಷನ್ ಆಗಿದೆ. ಮುಂಚೆ ಕಾದಂಬರಿ ತುಂಬಾ ಓದ್ತಿದ್ರಂತೆ, ಈಗ ಸಣ್ಣಕ್ಷರ ಕಾಣಲ್ಲ ಅಂತ ಬಿಟ್ಟಿದಾರೆ. ಬರೀ ಟಿವಿ. — ಸೊಸೆ, ಶಿವಮೊಗ್ಗ

ಮೊದಲು ಕಣ್ಣಿನ ಡಾಕ್ಟ್ರ ಹತ್ರ ಹೋಗಿ, ಓದೋ ಕನ್ನಡಕ ಹೊಸದು ಬೇಕಾ ಕೇಳಿ. ಎಷ್ಟೋ ಜನ ಆಪರೇಷನ್ ಆದ್ಮೇಲೂ ಹಳೇ ಕನ್ನಡಕದಲ್ಲೇ ಒದ್ದಾಡ್ತಿರ್ತಾರೆ, ದೂರದ್ದು ಚೆನ್ನಾಗಿ ಕಾಣುತ್ತಲ್ಲ ಅಂತ ಯಾರಿಗೂ ಹೊಳೆಯೋದೇ ಇಲ್ಲ. ಓದೋ ಕುರ್ಚಿ ಕಿಟಕಿ ಪಕ್ಕ ಹಾಕಿ, ಬೆಳಕು ಭುಜದ ಹಿಂದಿಂದ ಪುಟದ ಮೇಲೆ ಬೀಳ್ಬೇಕು. ಮೈಲ್ಯಾಂಗ್ ಥರದ ಆ್ಯಪಲ್ಲಿ ಕನ್ನಡ ಇ-ಬುಕ್ ಸಿಗುತ್ತೆ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡ್ಕೋಬಹುದು, ಆಡಿಯೋ ಬುಕ್ಕೂ ಇವೆ. ಮೊದಲ ಸಲ ನೀವೇ ಹಾಕಿಕೊಟ್ಟು ಪಕ್ಕದಲ್ಲಿ ಕೂರಿ, ಆಮೇಲೆ ಅವರೇ ಕಲೀತಾರೆ.

ಕೇಳೋದು ಓದೋದಾ ಅಂತ ಅವರು ಮೂಗು ಮುರಿದ್ರೆ, ನಿಮ್ಮ ಪಕ್ಕದ ಹೊಸಹಳ್ಳಿ ತೋರ್ಸಿ. ಕುಮಾರವ್ಯಾಸನ್ನ ಗಮಕಿಗಳ (ಕಾವ್ಯಾನ ರಾಗವಾಗಿ ಓದಿ ಹೇಳೋರು) ಬಾಯಲ್ಲಿ ಕೇಳಿಯೇ ಬಾಯಿಪಾಠ ಮಾಡಿದ ಊರು ಅದು, ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಮನೇಲಿ ಮೊಮ್ಮಕ್ಕಳಿದ್ರೆ ದಿನಾ ಒಂದು ಪುಟ ಅಜ್ಜಿಗೆ ಓದಿ ಹೇಳೋ ಕೆಲಸ ಕೊಡಿ. ಒತ್ತಕ್ಷರ ತಪ್ಪಿದ್ರೆ ಅಜ್ಜಿ ಅಲ್ಲಲ್ಲೇ ತಿದ್ದೋಕೆ ಹೋಗ್ದೆ ಇರ್ಲಿ ಅಂತ ಮಾತ್ರ ಅವರಿಗೆ ಮೊದಲೇ ಹೇಳಿಟ್ಟಿರಿ.

ಉಳಿದ ಪತ್ರಗಳಿಗೆ ಮುಂದಿನ ಸಂಚಿಕೇಲಿ. "ವರ್ಷಕ್ಕೆ ಐವತ್ತು ಪುಸ್ತಕ ಓದೋ ಚಾಲೆಂಜ್ ತಗೊಂಡಿದೀನಿ, ಬೇಗ ಮುಗಿಯೋ ಪುಸ್ತಕ ಹೇಳಿ" ಅಂತ ಬರೆದ ತುಮಕೂರಿನವರೇ, ನಿಮಗೂ ಆವಾಗ್ಲೇ.